ಹಗಲಲ್ಲಿ ಉರಿಯುತ್ತಿದ್ದ ದೀಪ

ಚನ್ನವೀರಪ್ಪನ ಹೊಸ ಕಾರಿನ ಮುಂದಿನ ದೀಪ ಹಗಲಲ್ಲೂ ತಾನಾಗಿಯೇ ಉರಿಯುತ್ತಿತ್ತು. ಎದುರು ಬಂದವರೆಲ್ಲ ಬೆರಳು ಮುಚ್ಚಿ ತೆರೆದು, "ಲೈಟ್ ಹತ್ತೇತಿ ನೋಡ್ರಿ" ಎಂದು ಸನ್ನೆ ಮಾಡುವವರೇ. ಸಂಕೋಚಪಟ್ಟು ಸಾಕಾದ ಚನ್ನವೀರಪ್ಪ ಒಂದು ದಿನ ಮೆಕ್ಯಾನಿಕನಿಂದ ಅದರ ಫ್ಯೂಸ್ ಕೀಳಿಸಿದ.

ಹಾರನ್ ನಕ್ಕಿತು. "ಸೂರ್ಯನಿಗೇ ಬೆಳಕು ತೋರಿಸಲು ಹೊರಟಿದ್ದೆ. ಇನ್ನು ತೆಪ್ಪಗಿರು."

"ನಾನು ಉರಿಯುತ್ತಿದ್ದದ್ದು ನಮಗೆ ದಾರಿ ಕಾಣಲೆಂದಲ್ಲ, ದಾರಿಯಲ್ಲಿದ್ದವರಿಗೆ ನಾವು ಕಾಣಲೆಂದು" ಎಂದಿತು ದೀಪ.

"ಇಷ್ಟು ದೊಡ್ಡ ಕಾರು ಯಾರಿಗೆ ಕಾಣುವುದಿಲ್ಲ?"

"ಕಲ್ಲು ಕ್ವಾರಿಯ ತಿರುವಿನಲ್ಲಿ ಚಹಾದಂಗಡಿಯ ಮುದಿ ನಾಯಿ ಮಲಗಿರುತ್ತದೆ. ಅದು ಕಿವುಡು. ಲಾರಿಗಳ ಧೂಳಿನೊಳಗೆ ನನ್ನನ್ನು ಕಂಡ ಮೇಲೆಯೇ ಎದ್ದು ದಾರಿ ಬಿಡುತ್ತದೆ."

"ನನ್ನ ಕೂಗಿಗೆ ಏಳದವರನ್ನು ನಾನಿನ್ನೂ ಕಂಡಿಲ್ಲ" ಎಂದಿತು ಹಾರನ್.

ಮರುದಿನ ಮಧ್ಯಾಹ್ನ ಆ ತಿರುವಿನಲ್ಲಿ ಲಾರಿಯೊಂದು ಧೂಳೆಬ್ಬಿಸಿ ಹೋಗಿತ್ತು. ನಾಯಿ ರಸ್ತೆಯಲ್ಲಿ ಮಲಗಿ, ಎಂದಿನಂತೆ ಧೂಳಿನತ್ತ ಕಣ್ಣಿಟ್ಟಿತ್ತು. ತಿರುವು ಬಂತೆಂದು ಹಾರನ್ ಗಂಟಲು ಹರಿಯುವಂತೆ ಕೂಗಿತು. ನಾಯಿ ಏಳಲಿಲ್ಲ. ಅದು ಬೆಳಕಿಗಾಗಿ ಕಾಯುತ್ತಿತ್ತು.

ಅಂಗಡಿಯ ನೀಲವ್ವ ಓಡಿಬಂದು, ರಕ್ತ ಸೋರುತ್ತಿದ್ದ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ದಿನಾ ಏಳತಿದ್ದೆಲ್ಲೋ, ಇವತ್ತ ಯಾಕ ಏಳಲಿಲ್ಲೋ ನನ ಕೂಸ?" ಎಂದು ಅತ್ತಳು.

ಉತ್ತರ ಗೊತ್ತಿದ್ದ ದೀಪ ಕತ್ತಲಾಗಿಯೇ ಇತ್ತು.

ಚನ್ನವೀರಪ್ಪ ತಲೆ ತಗ್ಗಿಸಿ ಮತ್ತೆ ಕಾರು ಹತ್ತಿದ. ಅಲ್ಲಿಂದ ಊರು ಮುಟ್ಟುವವರೆಗೆ ಎದುರು ಬಂದ ಒಬ್ಬರೂ ಅವನಿಗೆ ಸನ್ನೆ ಮಾಡಲಿಲ್ಲ.