ಕೊಟ್ರ ಗಾಡಿಗೆ ಬ್ರೇಕ್ ಹಾಕಿದ್ದು

ಕೂರ್ರಪ್ಪ ಕೂರ್ರಿ, ಹಿಂದೆ ಇದ್ದೋರು ಮುಂದೆ ಬರ್ರಿ. ಹೇಳಿದ ಮಾತು ಕೇಳದ ಮಕ್ಕಳ ಕತೆ ನಿಮಗೆ ಬೇಕಾದಷ್ಟು ಗೊತ್ತು, ಅಂಥವು ನಿಮ್ಮ ನಿಮ್ಮ ಮನ್ಯಾಗೇ ಅದಾವು. ನಾನು ಹೇಳೋದು ಹೇಳಿದ್ದನ್ನೆಲ್ಲಾ ಕೇಳೋ ಮಗನ ಕತೆ. ಅದು ಇನ್ನೂ ಕಷ್ಟ.

ಹರಪನಹಳ್ಳಿ ಕಡೆ ಒಂದೂರು. ಆ ಊರಾಗೆ ಹಾಲವ್ವ ಅಂತ ಒಬ್ಬಾಕಿ. ಆಕಿಗೆ ಮಗಳು ಹೊನ್ನಿ, ಮಗ ಕೊಟ್ರ. ಕೊಟ್ರ ಕೆಟ್ಟಾಂವಲ್ಲ, ಸೋಮಾರಿಯೂ ಅಲ್ಲ. ಎಮ್ಮೆ ಕರೀತಿದ್ದ, ಗಾಡಿ ಹೊಡೀತಿದ್ದ. ಆದ್ರೆ ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ. “ಒಲೆ ಮ್ಯಾಲೆ ಹಾಲೈತಿ, ಉಕ್ಕುತ್ತಾ ನೋಡ್ಲೇ” ಅಂದ್ರೆ ಉಕ್ಕೋದನ್ನ ನಿಂತು ನೋಡ್ತಿದ್ದ. “ಉಕ್ಕಿತವ್ವಾ, ನೋಡಿದೆ!” ಅಂತಿದ್ದ. ಅವ್ವ ತಲೆ ತಲೆ ಚಚ್ಕಂತಿದ್ಲು.

ಹೊನ್ನಿ ಇದ್ದಾಗ ಚಿಂತೆ ಇರ್ಲಿಲ್ಲ. “ನೋಡು ಅಂದ್ರೆ ಇಳಿಸು ಅಂತ ಕಣೋ” ಅಂತ ಆಕಿ ಬಿಡಿಸಿ ಹೇಳ್ತಿದ್ಲು. ಆಕಿ ಲಗ್ನ ಆಗಿ ಕರೇಗುಡ್ಡದ ಮ್ಯಾಲಿನ ಊರಿಗೆ ಹೋದ್ಲು ನೋಡ್ರಿ, ಕೊಟ್ರನಿಗೆ ಲೋಕ ಅನ್ನೋದೇ ಗೋಜಲಾತು.

ಈಗ ಹೊನ್ನಿ ಚೊಚ್ಚಲ ಬಸುರಿ. ತವರಿಗೆ ಕರ್ಕಂಡು ಬಂದು ಬಾಣಂತನ ಮಾಡಬೇಕು ಅಂತ ಹಾಲವ್ವನ ಜೀವ ಹೊಡ್ಕಂತಿತ್ತು. ಬೀಗ್ತಿ ಗುರುಬಸವ್ವ ಮಾತ್ರ ಖಡಕ್ಕಾಗಿ ಹೇಳಿ ಕಳಿಸಿದ್ಲು: “ನಿಮ್ಮ ಆ ಹಳೇ ಕಾರು ಗಡಗಡ ಅಂತೈತಿ. ಬ್ರೇಕು ಒತ್ತಿದ್ರೆ ಮುಂದಿನೂರಾಗೆ ನಿಲ್ತೈತಿ. ಅದರಾಗೆ ನನ್ನ ಸೊಸಿನ್ನ ಗುಡ್ಡ ಇಳಿಸಲ್ಲ. ಸೋಮವಾರದೊಳಗೆ ನೆಟ್ಟಗೆ ಮಾಡಿಸ್ಕಂಡು ಬಂದ್ರೆ ಸರಿ, ಇಲ್ಲಾಂದ್ರೆ ಹೆರಿಗೆ ಇಲ್ಲೇ.”

ಆಕಿ ಹೇಳಿದ್ದು ಸುಳ್ಳಲ್ಲ. ಕೊಟ್ರನ ಅಪ್ಪ ಬಾಡಿಗೆಗೆ ಹೊಡೀತಿದ್ದ ಕಾರು ಅದು. ಬ್ರೇಕಿನ ಪ್ಯಾಡು ಸವೆದು ಹಾಳೆಯಾಗಿತ್ತು, ಗುಂಡಿ ಕುಲುಕಾಟ ತಡೆಯೋ ಶಾಕಪ್ಸರು ಎಣ್ಣೆ ಸೋರಿ ಸತ್ತಿತ್ತು. ಊರಿಗೆ ಮೆಕಾನಿಕ್ ಅಂದ್ರೆ ಹಾಲವ್ವನ ತಮ್ಮ ಉಜ್ಜಿನಪ್ಪ ಒಬ್ಬನೇ. ಅವನೋ ಮಾಳಿಗೆ ಮ್ಯಾಲಿಂದ ಬಿದ್ದು ಬಲಗೈಗೆ ಕಟ್ಟು ಹಾಕಿಸ್ಕಂಡಿದ್ದ.

“ಅಕ್ಕಾ, ಕೈ ನಂದಿಲ್ಲ, ಬಾಯಿ ನಂದೈತಿ. ನಿನ್ನ ಮಗನ ಕೈ ಕೊಡು, ಅಂಗಳದಾಗೇ ಮಾಡಿಸ್ತೀನಿ” ಅಂದ.

“ಅವನ ಕೈಯಾ? ಶಿವನೇ!” ಅಂದ್ಲು ಹಾಲವ್ವ.

ಉಜ್ಜಿನಪ್ಪ ಹಳೇ ಪ್ಯಾಡು ಬಿಚ್ಚಿಸಿ ಕೊಟ್ರನ ಕೈಗೆ ಕೊಟ್ಟ. “ಪ್ಯಾಟಿಗೆ ಹೋಗು. ಇದನ್ನ ತೋರಿಸು. ಥೇಟ್ ಹಿಂಗೇ ಇರೋದು ತಗಂಡು ಬಾ. ಬ್ಯಾರೆ ಏನು ಕೊಟ್ರೂ ತಗಾಬ್ಯಾಡ!”

“ಥೇಟ್ ಹಿಂಗೇ ಇರೋದು” ಅಂತ ದಾರಿ ತುಂಬ ಬಾಯಿಪಾಠ ಮಾಡ್ಕಂತ ಹೋದ. ಅಂಗಡ್ಯಾಂವ ಹೊಸ ಪ್ಯಾಡು ತಂದಿಟ್ಟ. ಕೊಟ್ರ ಹಳೇದರ ಪಕ್ಕ ಇಟ್ಟು ನೋಡ್ದ. ಇದು ದಪ್ಪ, ಅದು ತೆಳು. “ಇದಲ್ಲ!” ಅಂದ. ಇನ್ನೊಂದು ತಂದ. “ಇದೂ ದಪ್ಪ! ಹಿಂಗೇ ಬೇಕು!” ಅಂಗಡ್ಯಾಂವ ಬೇಸತ್ತು ಹಿಂದಿನ ಗುಜರಿ ರಾಶಿ ತೋರಿಸ್ದ. ಕೊಟ್ರ ಬಿಸಿಲಾಗೆ ಕುಂತು ಹುಡುಕಿ, ಹಾಳೆಯಂಗೆ ಸವೆದಿದ್ದ ಒಂದು ಜೊತೆ ಆರಿಸ್ಕಂಡು, ಗೆದ್ದು ಬಂದಾಂವಂಗೆ ಬಂದ.

“ನೋಡು ಮಾವ! ಕೂದಲೆಳೆ ಫರಕಿಲ್ಲ!”

ಉಜ್ಜಿನಪ್ಪ ನೋಡ್ದ. ಎಡಗೈಲಿ ಹಣೆ ಚಚ್ಕಂಡ. “ಅಯ್ಯೋ ಪೆದ್ದ! ಸವೆದದ್ದನ್ನ ಕೊಟ್ಟು ಸವೆದದ್ದನ್ನೇ ತಂದೀಯಲ್ಲೋ! ಸವೆದದ್ದು ಕಂಡ್ರೆ ಎತ್ತಿ ಒಗೀಬೇಕು ಕಣಲೇ, ಹೊಸದು ತರಬೇಕು!”

“ಹಂಗೆ ಮೊದ್ಲೇ ಹೇಳ್ಬಾರ್ದಾ ಮಾವ?” ಅಂದ ಕೊಟ್ರ.

ಮರುದಿನ ಉಜ್ಜಿನಪ್ಪ ಶಾಕಪ್ಸರು ಬಿಚ್ಚಿಸಾಕೆ ಇನ್ನೊಂದು ಕಡೆ ಗಾಡಿ ಎತ್ತಿಸಿ, ಕೆಳಗೆ ಕಲ್ಲು ಕೊಡಿಸಿ, “ಗಾಲಿ ನಟ್ಟು ಬಿಚ್ಚಿರು, ಚಾ ಕುಡದು ಬರ್ತೀನಿ” ಅಂತ ಒಳಗೆ ಹೋದ. ಕೊಟ್ರ ನಟ್ಟು ಬಿಚ್ಚಿ ನೋಡ್ದ. ಮೂಲೆ ಸವೆದಿದ್ವು. ಸವೆದದ್ದು ಕಂಡ್ರೆ? ಎತ್ತಿ ಒಗೀಬೇಕು. ಒಂದು ಹಳೇ ಕೊಡ ತಗಂಡ, ಅದರ ತಳನೂ ಸವೆದಿತ್ತು. ನಟ್ಟು ಕೊಡಕ್ಕೆ ಹಾಕ್ದ. ಅವ್ವನ ಲಟ್ಟಣಿಗೆ ಸವೆದಿತ್ತು, ಅದನ್ನೂ ಹಾಕ್ದ. ಮಾವನ ಚಪ್ಪಲಿ ಅಟ್ಟೆ ಸವೆದಿತ್ತು, ಅದನ್ನೂ ಹಾಕ್ದ. ಕೊಡ ಎತ್ತಿ ಬಾವಿಗೆ ಒಗದ. ಧುಡುಂ!

ಹಾಲವ್ವ ಓಡಿ ಬಂದ್ಲು. “ಏನಲೇ ಅದು ಸದ್ದು?”

“ಸವೆದದ್ದೆಲ್ಲಾ ಒಗದೆ ಅವ್ವ. ಇನ್ನ ಹೊಸದು ತರೋದು.”

“ಅಯ್ಯೋ ನನ್ನ ಕರ್ಮವೇ! ನಿನ್ನ ಸಾಕಿ ಸಾಕಿ ನಾನೂ ಸವೆದೀನಿ! ನನ್ನನ್ನೂ ಎತ್ತಿ ಒಗದುಬಿಡು!”

ಕೊಟ್ರನಿಗೆ ಸಂಕಟ ಆತು. ಹೊಸ ಅವ್ವ ಎಲ್ಲಿ ಸಿಗ್ತಾಳೆ? ಆದ್ರೂ ಹೇಳಿದ ಮ್ಯಾಲೆ ಮಾಡಬೇಕಲ್ಲ! ಕಣ್ಣೊರೆಸ್ಕಂತ ಅವ್ವನ್ನ ಎರಡೂ ಕೈಲಿ ಎತ್ಕಂಡು ಬಾವಿ ಕಡೆ ನಡೆದೇಬಿಟ್ಟ. “ಬಿಡಲೇ! ಬಿಡಲೇ! ಉಜ್ಜಿನೀ, ಓಡಿ ಬಾರೋ!” ಉಜ್ಜಿನಪ್ಪ ಬರಿಗಾಲಾಗೆ ಓಡಿ ಬಂದು ಒಂದೇ ಕೈಲಿ ಅಕ್ಕನ್ನ ಬಿಡಿಸ್ಕಂಡ.

ನೆರೆಮನೆಯಿಂದ ಪಾತಾಳಗರಡಿ ತಂದು, ಬಾವಿಗೆ ಬಿಟ್ಟು, ಕೊಡ ಎತ್ತೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಉಜ್ಜಿನಪ್ಪ ಹೇಳ್ದ: “ಲೇ, ಬಿಚ್ಚಿದ್ದನ್ನ ಒಗೀಬಾರ್ದು! ಬಿಚ್ಚಿದಂಗೇ ಸಾಲಾಗಿ ನೆಲದ ಮ್ಯಾಲೆ ಇಡಬೇಕು. ನಾನು ಬರೋತನಕ ಯಾರಿಗೂ ಮುಟ್ಟಾಕೆ ಕೊಡಬಾರ್ದು. ಯಾರಿಗೂ!”

“ಆತು ಮಾವ. ಯಾರಿಗೂ ಕೊಡಲ್ಲ.”

ಸಾಲು ಎಷ್ಟು ಚಂದ ಇಟ್ಟಿದ್ದ ಅಂತೀರಿ! ನಟ್ಟು, ಬೋಲ್ಟು, ವಾಷರು, ಸತ್ತ ಶಾಕಪ್ಸರು, ಒಂದರ ಪಕ್ಕ ಒಂದು, ಮದುವಿ ಊಟದ ಪಂಕ್ತಿಯಂಗೆ. ಉಜ್ಜಿನಪ್ಪ ಹೊಸ ಪ್ಯಾಡು, ಹೊಸ ಶಾಕಪ್ಸರು ತರಾಕೆ ತಾನೇ ಪ್ಯಾಟಿಗೆ ಹೋದ. ಕೊಟ್ರನ್ನ ಕಳಿಸೋ ಧೈರ್ಯ ಇರ್ಲಿಲ್ಲ ಅವನಿಗೆ.

ಅಷ್ಟೊತ್ತಿಗೆ ಬಂದ್ಲು ನೋಡ್ರಿ, ಬೀಗ್ತಿ ಗುರುಬಸವ್ವ! ಗಾಡಿ ಏನಾಗೈತಿ ಅಂತ ಕಣ್ಣಾರೆ ನೋಡಾಕೆ ಬಸ್ಸಿಗೆ ಬಂದಿದ್ಲು. ಅಂಗಳದಾಗೆ ಚಪ್ಪಲಿ ಬಿಚ್ಚಿದ್ಲು. ಕನ್ನಡಕ ಬಿಚ್ಚಿದ್ಲು. ಕಟ್ಟಿಸ್ಕಂಡಿದ್ದ ಹಲ್ಲಿನ ಸೆಟ್ಟನ್ನೂ ಮುಖ ತೊಳೆಯಾಕೆ ಅಂತ ಬಿಚ್ಚಿ ಕಟ್ಟೆ ಮ್ಯಾಲಿಟ್ಲು. ಬಿಚ್ಚಿದ್ದನ್ನ ಏನು ಮಾಡಬೇಕು? ಸಾಲಾಗಿ ಇಡಬೇಕು! ಶಾಕಪ್ಸರಿನ ಪಕ್ಕ ಚಪ್ಪಲಿ, ಚಪ್ಪಲಿ ಪಕ್ಕ ಕನ್ನಡಕ, ಕನ್ನಡಕದ ಪಕ್ಕ ಹಲ್ಲು. ಕೊಟ್ರ ನಟ್ಟು ಬಿಚ್ಚೋ ಪಾನ ಹಿಡ್ಕಂಡು ಕಾವಲಿಗೆ ಕುಂತ.

“ಹಲ್ಲು ಕೊಡೋ!” ಅಂದ್ಲು ಗುರುಬಸವ್ವ. ಹಲ್ಲಿಲ್ಲದ ಬಾಯಾಗೆ ಬರೇ ಗಾಳಿ ಬಂತು.

“ಮುಟ್ಟಬ್ಯಾಡ್ರಿ ಅತ್ತಿ! ಮಾವ ಬರೋತನಕ ಯಾರೂ ಮುಟ್ಟಂಗಿಲ್ಲ!”

“ನನ್ನ ಹಲ್ಲು ಕಣೋ!”

“ಯಾರದ್ದಾದ್ರೂ ಅಷ್ಟೇ!”

ಹಾಲವ್ವ ಬಂದು ಮಗನ ಕಿವಿ ಹಿಂಡಿ ಹಲ್ಲು ಕೊಡಿಸಿದ್ಲು. ಗುರುಬಸವ್ವ ಹಲ್ಲು ಹಾಕ್ಕಂಡಿದ್ದೇ ತಡ, ಮಾತು ಶುರು ಆದ್ವು. “ಇಂಥಾ ಕೈಯಾಗೆ ರಿಪೇರಿಯಾದ ಗಾಡ್ಯಾಗೆ ನನ್ನ ಸೊಸಿನಾ? ಸೋಮವಾರ ನೋಡ್ತೀನಿ. ಒಂದು ಸಲ ಕುಲುಕಿದ್ರೂ ಕಳಿಸಲ್ಲ!” ನೀರೂ ಕುಡೀದೇ ಹೋದ್ಲು.

ಹಾಲವ್ವ ಬಾಗಿಲಾಗೇ ಕುಂತು ಅತ್ಲು. “ಹೊನ್ನಿನ್ನ ಕರ್ಕಂಡು ಬರೋ ಪುಣ್ಯ ನನಗಿಲ್ಲ. ಮನೆಗೆ ಹೊಸಬರು ಬಂದ್ರೆ ಹಣೆಗೆ ಕುಂಕುಮ ಇಟ್ಟು, ತಲೆಗೆ ಎಣ್ಣೆ ಒತ್ತಿ, ಎರೆದು ಉಪಚಾರ ಮಾಡಬೇಕಲೇ! ಹಲ್ಲು ಕಸ್ಕಂಡು ಕೂರೋದಾ?”

ಅವ್ವ ಅಳೋದು ಕೊಟ್ರನಿಗೆ ತಡ್ಕಳ್ಳಾಕೆ ಆಗ್ಲಿಲ್ಲ. ಹೇಳಿದ್ದೆಲ್ಲಾ ಮಾಡೀನಿ, ಆದ್ರೂ ಎಲ್ಲಿ ತಪ್ತೈತಿ? ಹೊನ್ನಕ್ಕ ಇದ್ದಿದ್ರೆ ಹೇಳ್ತಿದ್ಲು. ಇನ್ನ ಮ್ಯಾಲೆ ಮನೆಗೆ ಯಾವ ಹೊಸಬರು ಬಂದ್ರೂ ಉಪಚಾರದಾಗೆ ಒಂದೂ ಕಮ್ಮಿ ಮಾಡಬಾರ್ದು ಅಂದ್ಕಂಡ.

ಹೊಸದಾಗಿ ಬಂದಿದ್ದು ಯಾರು? ಪ್ಯಾಟಿಯಿಂದ ಹೊಸ ಬ್ರೇಕು ಪ್ಯಾಡು! ಉಜ್ಜಿನಪ್ಪ ಅವನ್ನ ಕಟ್ಟೆ ಮ್ಯಾಲಿಟ್ಟು ಊಟಕ್ಕೆ ಕುಂತ. ಕೈ ತೊಳ್ಕಂಡು ಬಂದು ನೋಡ್ತಾನೆ, ಪ್ಯಾಡಿಗೆ ಕುಂಕುಮ ಇಟ್ಟೈತಿ, ಹರಳೆಣ್ಣೆ ತಳತಳ ಅಂತೈತಿ, ಕೊಟ್ರ ಸೀಗೆಪುಡಿ ಕಲಸ್ತಾ ಕುಂತಾನೆ.

“ಬ್ರೇಕಿಗೆ ಎಣ್ಣೆ ಹಚ್ಚಿದೇನಲೇ!”

“ನೆತ್ತಿ ತಂಪಾಗ್ಲಿ ಅಂತ ಮಾವ.”

ಉಜ್ಜಿನಪ್ಪ ಬೈಲಿಲ್ಲ. ನೆಲದ ಮ್ಯಾಲೆ ಕುಂತ. ಆಮೇಲೆ ಮೆಲ್ಲಗೆ, ಎಳೇ ಮಗುವಿಗೆ ಹೇಳಿದಂಗೆ ಹೇಳ್ದ: “ಎಣ್ಣೆ ಕುಡಿದ ಪ್ಯಾಡು ಹಿಡಿಯಲ್ಲಪ್ಪ. ಹೊನ್ನಿ ಕುಂತಾಗ ಗುಡ್ಡದಾಗೆ ಗಾಡಿ ನಿಲ್ಲದಿದ್ರೆ ಏನು ಗತಿ?”

ಕೊಟ್ರ ಸೀಗೆಪುಡಿ ಅಲ್ಲೇ ಬಿಟ್ಟ. “ಹೊನ್ನಕ್ಕನಿಗೆ ಏನೂ ಆಗಬಾರ್ದು ಮಾವ!” ಅಂತ ಅತ್ತೇಬಿಟ್ಟ.

ಆಮೇಲೆ ಇನ್ನೊಂದು ಜೊತೆ ತರಿಸಿದ್ರು. ಉಜ್ಜಿನಪ್ಪ ಎಡಗೈಲಿ ಬೆರಳು ತೋರಿಸೋದು, ಕೊಟ್ರ ಅಷ್ಟೇ ಮಾಡೋದು. “ಇದು ಇಡು. ಇದು ತಿರುಗಿಸು. ಸಾಕು.” ಹೊಸ ಶಾಕಪ್ಸರು ಕುಂತ್ವು. ಬ್ರೇಕಿನ ಕೊಳವೆಯೊಳಗಿನ ಗಾಳಿ ತೆಗೆಯೋವಾಗ, “ಪೆಡಲು ಒತ್ತಿ ಹಿಡಿ, ನಾನು ಬಿಡು ಅನ್ನೋತನಕ ಬಿಡಬ್ಯಾಡ” ಅಂದ. ಅಂದು, ಮುಗಿಸಿ, ಮರೆತು ಮನೆಗೆ ಹೋದ. ಸಂಜಿಗೆ ಹಾಲವ್ವ ನೋಡ್ತಾಳೆ, ಎಮ್ಮೆ ಹಗ್ಗ ಕಿತ್ಕಂಡು ಒಣ ಹಾಕಿದ್ದ ಕಡಲೆ ಮೇಯ್ತಾ ಐತಿ, ಮಗ ಪೆಡಲು ಒತ್ಕಂಡು “ಹೋಯ್! ಹೋಯ್!” ಅಂತ ಕುಂತಲ್ಲೇ ಕೂಗ್ತಾನೆ!

ಸೋಮವಾರ ಬಂತು. ಗಾಡಿ ಊರೊಳಗೆ ಓಡಿಸಿದ್ರು, ಒತ್ತಿದಲ್ಲಿ ನಿಂತ್ಕಂತು. ಆದ್ರೂ ಉಜ್ಜಿನಪ್ಪನಿಗೆ ಗುಡ್ಡದ ಇಳಿಜಾರಿನ ಭಯ. ಕೊಟ್ರನ ಹೆಗಲ ಮ್ಯಾಲೆ ಕೈ ಇಟ್ಟು ಹೇಳ್ದ: “ಮ್ಯಾಲೆ ಹೋಗು. ಹೊನ್ನಿನ್ನ ಕೂರಿಸೋ ಮುಂಚೆ, ಆಕಿ ತೂಕದ್ದೇ ಏನಾರ ಒಂದು ಹಾಕ್ಕಂಡು ಒಂದ್ಸಲ ಇಳಿಸಿ ನೋಡು. ಹೋದ್ರೂ ನಮಗೆ ಲುಕ್ಸಾನು ಇರಬಾರ್ದು, ಅಂಥಾದ್ದು ಹಾಕು. ಬ್ರೇಕು ಹಿಡೀತು ಅಂದ್ರೆ ಆಮೇಲೆ ಅಕ್ಕನ್ನ ಕರ್ಕಂಡು ಬಾ.”

“ಅಕ್ಕನ ತೂಕದ್ದು. ಹೋದ್ರೂ ಲುಕ್ಸಾನು ಇರಬಾರ್ದು” ಅಂತ ಬಾಯಿಪಾಠ ಮಾಡ್ಕಂತ ಗುಡ್ಡ ಹತ್ತಿದ.

ಬೀಗರ ಅಂಗಳದಾಗೆ ಗಾಡಿ ನಿಲ್ಲಿಸಿ ಸುತ್ತ ನೋಡ್ದ. ಕರು ಕಂಡ್ತು. ಪಾಪ, ಕರು ಬ್ಯಾಡ. ಭಾವ ಕಂಡ. ಭಾವ ಬ್ಯಾಡ, ಅಕ್ಕ ಅಳ್ತಾಳೆ. ಸೆರಗು ಸೊಂಟಕ್ಕೆ ಸಿಗಿಸ್ಕಂಡು ಗುರುಬಸವ್ವ ಬಂದ್ಲು. ಕೊಟ್ರ ಆಕಿನ್ನ ಮ್ಯಾಲಿಂದ ಕೆಳಗೆ ನೋಡ್ದ. ತೂಕ ಸರಿ ಐತಿ ಅನ್ನಿಸ್ತು.

“ಅತ್ತಿ, ಮೊದ್ಲು ನೀವು ಕೂರ್ರಿ!”

ಗುರುಬಸವ್ವ ಹಿಗ್ಗಿದ್ಲು. “ಅಂತೂ ಮರ್ಯಾದಿ ಕಲ್ತಿ ನೋಡು!” ಅಂತ ಸೀಟಿನ ಮ್ಯಾಲೆ ಕುಂತ್ಲು.

ಹೊನ್ನಿ ಗಂಟು ಹಿಡ್ಕಂಡು ಬಾಗಿಲಿಗೆ ಬಂದ್ಲು. “ನಾನೋ, ಕೊಟ್ರ?”

“ನೀನು ಆಮೇಲೆ ಅಕ್ಕಾ!” ಅಂದ. ಹೋದ.

ಇಲ್ಲಿ ಹಾಲವ್ವ ಆರತಿ ತಟ್ಟೆ ಹಿಡ್ಕಂಡು, ಓಣಿ ಹೆಂಗಸರನ್ನ ಕರ್ಕಂಡು ನಿಂತಿದ್ಲು. ಗಾಡಿ ಬಂತು. ಗಡಗಡ ಇಲ್ಲ, ಕುಲುಕಾಟ ಇಲ್ಲ, ಬಾಗಿಲ ಮುಂದೆ ಸುಮ್ಮನೆ ನಿಂತ್ಕಂತು. ಇಳಿದಾಕಿ ಬೀಗ್ತಿ! ಹಾಲವ್ವ ತಟ್ಟೆ ಹಿಡ್ಕಂಡೇ ಗಾಡಿಯೊಳಗೆ ಬಗ್ಗಿ ನೋಡಿದ್ಲು. ಹೊನ್ನಿ ಎಲ್ಲಿ?

ಗುರುಬಸವ್ವ ಎಲ್ಲರ ಮುಂದೆ ಅಂದ್ಲು, “ಗಾಡಿ ಭೇಷ್ ಆಗೈತಿ ಬೀಗ್ತಿ! ದಾರ್ಯಾಗೆ ನಿದ್ದಿ ಬಂದಿತ್ತು ನನಗೆ. ಸೊಸಿನ್ನ ಕಳಿಸ್ತೀನಿ, ಇದು ನನ್ನ ಮಾತು. ನಿನ್ನ ಮಗನೂ ಶಾಣ್ಯಾ ಆಗ್ಯಾನ, ದೊಡ್ಡಾಕಿ ಅಂತ ನನ್ನೇ ಮೊದ್ಲು ಕೂರಿಸ್ದ.”

“ದೊಡ್ಡೋರು ಅಂತಲ್ಲ ಅತ್ತಿ. ಮಾವ ಹೇಳಿದ್ದ. ಹೋದ್ರೂ ನಮಗೆ ಲುಕ್ಸಾನು ಇಲ್ಲದ್ದನ್ನ ಹಾಕಿ ಇಳಿಸು ಅಂತ” ಅಂದ ಕೊಟ್ರ.

ಓಣಿ ಹೆಂಗಸರು ಬಾಯಿಗೆ ಸೆರಗು ಒತ್ಕಂಡ್ರು. ಉಜ್ಜಿನಪ್ಪ ಕಂಬದ ಹಿಂದೆ ಸರಿದ. ಗುರುಬಸವ್ವ ಬಾಯಿ ತೆಗೆಯೋದ್ರೊಳಗೆ ಕೊಟ್ರ, “ಬ್ರೇಕು ಹಿಡೀತು ಮಾವ! ಇನ್ನ ಅಕ್ಕನ್ನ ತರ್ತೀನಿ!” ಅಂತ ಗಾಡಿ ತಿರುಗಿಸ್ಕಂಡು ಹೊರಟೇಬಿಟ್ಟ.

ಹೊನ್ನಿನ್ನ ಕರ್ಕಂಡು ಬಂದ. ಹಾಲವ್ವ ಆರತಿ ಎತ್ತಿ, ಮಗಳನ್ನ ತಬ್ಕಂಡು, ಅಳೋದೋ ನಗೋದೋ ಗೊತ್ತಾಗದೆ ಎರಡೂ ಮಾಡಿದ್ಲು. ಕಟ್ಟೆ ಮ್ಯಾಲೆ ಗುರುಬಸವ್ವ ಕೆಂಪಗೆ ಕುಂತಿದ್ಲು. ಕೊಟ್ಟ ಮಾತು ಓಣಿಯೆಲ್ಲಾ ಕೇಳಿತ್ತಲ್ಲ, ವಾಪಸ್ ತಗಳ್ಳಂಗಿರ್ಲಿಲ್ಲ.

ಎಲ್ಲರ ಮುಖ ನೋಡಿ ಕೊಟ್ರನಿಗೆ ತಳಬುಡ ತಿಳೀಲಿಲ್ಲ. ಅಕ್ಕನ ಸೆರಗು ಹಿಡ್ಕಂಡು ನಡೆದದ್ದೆಲ್ಲಾ ಹೇಳಿ, “ಈಗ ಎಲ್ಲಿ ತಪ್ಪಿದೆ ಅಕ್ಕಾ, ನೀನೇ ಬಿಡಿಸಿ ಹೇಳು” ಅಂದ.

ಹೊನ್ನಿ ನಗು ತಡ್ಕಂಡು, ಅತ್ತಿ ಕಡೆ ಒಂದು ಕಣ್ಣಿಟ್ಟು, ಮೆತ್ತಗೆ ಹೇಳಿದ್ಲು, “ಅದಕ್ಕೆ ಮನುಷ್ಯರನ್ನ ಕೂರಿಸ್ತಾರೇನೋ? ಅಲ್ಲಿ ನಮ್ಮತ್ತಿ ಅಂಗಳದಾಗೆ ಜ್ವಾಳದ ಚೀಲ ಇತ್ತಲ್ಲ, ಅದನ್ನ ಹಾಕ್ಕಂಡು ಇಳಿಸೋದಿತ್ತಪ್ಪ.”

ಕೊಟ್ರ ಬೆಚ್ಚಿಬಿದ್ದ. ಬೀಗ್ತಿ ಕಡೆ ನೋಡ್ದ, ಅಕ್ಕನ ಕಡೆ ನೋಡ್ದ, ಇಡೀ ಓಣಿಗೆ ಕೇಳೋ ಹಂಗೆ ಅಂದ:

“ಜ್ವಾಳನಾ? ಚೆಲ್ಲಿ ಹೋಗಿದ್ರೆ ಲುಕ್ಸಾನಲ್ಲೇನಕ್ಕಾ!”