ಮಂಡಿ ಮೇಲೆ ಒರಗಿದ ತಲೆ

ಕಾಶಿಗೆ ಹೋಗೋ ವಿಮಾನದಲ್ಲಿ ನಡೆದಿದ್ದು ಇದು. ಸುಳ್ಳು ಹೇಳಿದ್ರೆ ನನಗೆ ಉಳಿದಿರೋ ಈ ಮೂರು ಹಲ್ಲೂ ಉದುರಿಹೋಗ್ಲಿ.

ನನ್ನ ಪಕ್ಕ ನಮ್ಮೂರ ಕಟಿಂಗ್ ಶಾಪಿನವನು ಕೂತಿದ್ದ. ನಲವತ್ತು ವರ್ಷ ನಿಂತೇ ಕೆಲಸ ಮಾಡಿ ಅವನ ಮಂಡಿ ಸವೆದುಹೋಗಿತ್ತು. ಅವನ ಮುಂದಿನ ಸೀಟಲ್ಲಿ ಬೆಂಗಳೂರಿನ ಕಂಟ್ರಾಕ್ಟರ್ ಚನ್ನವೀರಯ್ಯ. ವಿಮಾನ ಏರಿದ್ದೇ ತಡ, ಸೀಟನ್ನ ಧಡಾರ್ ಅಂತ ಹಿಂದಕ್ಕೆ ಒರಗಿಸಿದ. ಇವನ ಮಂಡಿ ಕಿವಿಗೆ ಬಂತು!

"ಸ್ವಾಮಿ, ಕಾಲು ನೋಯ್ತೈತೆ. ನಾಳೆ ಘಾಟಿನ ಮೆಟ್ಲು ಇಳೀಬೇಕು. ಒಸಿ ಮುಂದಕ್ಕೆ ಹೋಗಿ."

"ನನ್ನ ಸೀಟು, ನನ್ನಿಷ್ಟ. ನಿನ್ ಕಾಲು ಮಡಚಿ ಜೇಬಲ್ಲಿಟ್ಕೋ."

ಇವನು ಹೆಗಲ ಮೇಲಿನ ಟವಲ್ ಕೊಡವಿ ಚನ್ನವೀರಯ್ಯನ ಕತ್ತಿಗೆ ಸುತ್ತಿದ. ಎರಡೂ ಕೈಲಿ ತಲೆ ಹಿಡಿದು ಬೆಳಕಿಗೆ ತಿರುಗಿಸಿದ.

"ಏಯ್! ಏನಯ್ಯ ಇದು?"

"ಅಭ್ಯಾಸ ಸ್ವಾಮಿ. ನನ್ನ ಮುಂದೆ ಹಿಂಗೆ ಒರಗಿದೋರ್ನ ಹಂಗೇ ಕಳಿಸಿದ್ದೇ ಇಲ್ಲ," ಅಂದೋನು, ಇಡೀ ವಿಮಾನಕ್ಕೆ ಕೇಳೋ ಹಂಗೆ ಕೂಗಿದ: "ಬಣ್ಣ ಹಚ್ಚಿ ತಿಂಗಳಾಯ್ತಾ? ಬುಡದಲ್ಲೆಲ್ಲಾ ಬೆಳ್ಳಗಾಗೈತೆ. ನೆತ್ತಿ ಮೇಲೆ ಒಂದು ರೊಟ್ಟಿ ತಟ್ಟೋವಷ್ಟು ಜಾಗ ಖಾಲಿ ಐತೆ!"

ಇನ್ನೂರು ಜನ ಎದ್ದು ನೋಡಿದ್ರು. ಪೈಲಟ್ಟೂ ಬಂದು ಇಣುಕಿ ಹೋದ! ಚನ್ನವೀರಯ್ಯ ತಟ್ಟನೆ ಸೀಟು ನೆಟ್ಟಗೆ ಮಾಡ್ಕೊಂಡು, ಗೋಡೆಗೆ ಹೊಡೆದ ಮೊಳೆ ಹಂಗೆ ಕೂತ. ಕಾಶಿ ಬರೋವರೆಗೂ ಕತ್ತು ಅಲ್ಲಾಡಿಸ್ಲಿಲ್ಲ.

ಇಳಿಯುವಾಗ ಮೆಲ್ಲಗೆ ಕೇಳಿದ: "ಅಂಗಡಿ ಯಾವೂರಲ್ಲಿ ಇಟ್ಟಿದೀಯಪ್ಪ?"

"ಮದ್ದೂರು ಸಂತೆ ಪಕ್ಕ, ಸ್ವಾಮಿ. ಬನ್ನಿ. ಅಲ್ಲಿ ಎಷ್ಟು ಬೇಕಾದ್ರೂ ಹಿಂದಕ್ಕೆ ಒರಗಿ."