ಮೆಟ್ರೋಗೆ ಅಡ್ಡ ಬಂದ ಶೂಲೆ

ಹೊಸ ಮೆಟ್ರೋ ಮಾರ್ಗದ ಮೊದಲ ರೈಲು. ಆರೂ ಬೋಗಿ ಭರ್ತಿ. ಬಾವುಟ ತೋರಿಸಿ ತಾವೂ ಹತ್ತಬೇಕಿದ್ದ ಮಂತ್ರಿ ದೊಡ್ಡಲಿಂಗಪ್ಪನವರು ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ಕಂಬದಂತೆ ನಿಂತುಬಿಟ್ಟರು.

"ಇವತ್ತು ಸೋಮವಾರ. ಪೂರ್ವಕ್ಕೆ ಶೂಲೆ, ಪ್ರಯಾಣ ಅಶುಭ. ಆ ದಿಕ್ಕಿಗೆ ನಾನು ಹೊರಡೋದಿಲ್ಲ. ರೈಲನ್ನ ಪಶ್ಚಿಮಕ್ಕೆ ಬಿಡ್ರಿ!"

ಪಶ್ಚಿಮಕ್ಕೆ ಹಳಿಯೇ ಇರಲಿಲ್ಲ. ಅಲ್ಲಿದ್ದದ್ದು ಒಂದು ಗೋಡೆ, ಅದರಾಚೆ ಮೀನು ಮಾರ್ಕೆಟ್ಟು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಒಳಗೆ ಜನ ಗೊಣಗತೊಡಗಿದರು.

ಮಂತ್ರಿಗಳು ಚಾಲಕಿಗೆ ಬೆರಳು ತೋರಿಸಿದರು. "ನನ್ನ ಬಿಟ್ಟು ಹೊರಟೆಯೋ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ!"

ಆಕೆಗೆ ಕೆಲಸವೂ ಉಳಿಯಬೇಕು, ರೈಲೂ ಹೊರಡಬೇಕು. ಕೈಮುಗಿದಳು.

"ಸಾರ್, ನೀವು ಮೊದಲನೇ ಬೋಗಿ ಹತ್ತಿ. ಒಳಗೊಳಗೇ ಕೊನೇ ಬೋಗಿವರೆಗೂ ದಾರಿ ಇದೆ. ಜನಕ್ಕೆ ನಮಸ್ಕಾರ ಮಾಡ್ತಾ ಹಿಂದಕ್ಕೆ ನಡೀರಿ. ರೈಲು ಪೂರ್ವಕ್ಕೆ ಹೋಗ್ಲಿ, ನೀವು ಪಶ್ಚಿಮಕ್ಕೆ ಹೋಗಿ!"

ಮಂತ್ರಿಗಳ ಮುಖ ಅರಳಿತು. "ಭೇಷ್ ಕಣಮ್ಮ! ಪಂಚಾಂಗಕ್ಕೂ ಸೈ, ಓಟಿಗೂ ಸೈ!"

ರೈಲು ಹೊರಟಿತು. ಮಂತ್ರಿಗಳು ನೂಕುನುಗ್ಗಲಿನಲ್ಲಿ ಕೈಮುಗಿಯುತ್ತಾ, ಕಾಲು ತುಳಿಸಿಕೊಳ್ಳುತ್ತಾ, ಹೆಗಲಿನ ಶಾಲು ಕಳೆದುಕೊಂಡು ಹಿಂದಿನ ಬೋಗಿ ಮುಟ್ಟುವಷ್ಟರಲ್ಲಿ ಕಡೆಯ ನಿಲ್ದಾಣ ಬಂತು. ವಾಪಸ್ ಓಡಿಸಲು ಚಾಲಕಿ ಆ ತುದಿಗೆ ಬಂದಳು.

"ಅಬ್ಬಾ!" ಎಂದರು ಮಂತ್ರಿಗಳು, ಮುಖ ಒರೆಸಿಕೊಳ್ಳುತ್ತಾ. "ಇನ್ನು ಹೋಗೋದು ಪಶ್ಚಿಮಕ್ಕೆ ತಾನೆ? ಹಾಯಾಗಿ ಕೂತ್ಕೋತೀನಿ."

ಬಾಗಿಲುಗಳು ತೆರೆದುಕೊಂಡವು. ಒಬ್ಬರೂ ಇಳಿಯಲಿಲ್ಲ.

ಹತ್ತಿರದ ಸೀಟಿನಲ್ಲಿ ಕೂತಿದ್ದ ಅಜ್ಜಿ ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡು ಹೇಳಿದಳು: "ನಮ್ಮನ್ಯಾಕೆ ಹಂಗ್ ನೋಡ್ತೀಯಪ್ಪ? ನಾವು ಬಂದಿರೋದೇ ಒಂದು ರೌಂಡ್ ಹೊಡೆಯೋಕೆ!"

ಚಾಲಕಿ ತನ್ನ ಕೋಣೆಯ ಬಾಗಿಲು ತೆಗೆಯುತ್ತಾ ವಿನಯದಿಂದ ಹೇಳಿದಳು: "ದಿಕ್ಕೇನೋ ಚೆನ್ನಾಗಿದೆ ಸಾರ್. ಸೀಟು ಮಾತ್ರ ಇಲ್ಲ."